ಬಾಗಿಲ ಬಳಿಯ ಚೀಲ

ಗೋಡೆಯಲ್ಲಿ ಮೊಳೆ ಇತ್ತು, ಮನೆಯೊಡತಿಯ ತೀರಿಹೋದ ಗಂಡನ ಫೋಟೊ ಇರಲಿಲ್ಲ. ಅವಳ ಕಣ್ಣು ನೇರ ಬಾಗಿಲ ಬಳಿಯ ಚೀಲಕ್ಕೆ ಹೋಯಿತು. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ ಗಂಡ, ಹೆಂಡತಿ, ಮಗುವಿಗೆ ಅವಳೇ ಕರೆದು ರೂಮು ಕೊಟ್ಟಿದ್ದಳು. ಬಂದ ದಿನದಿಂದಲೂ ಆ ಚೀಲ ಅಲ್ಲೇ ಕೂತಿತ್ತು, ಪರಾರಿಯಾಗಲು ಹೊಂಚು ಹಾಕುವ ವಿಲನ್ ಥರ.

“ಇಂಟರ್‌ವಲ್‌ಗೂ ಮುಂಚೆ ಕ್ಲೈಮ್ಯಾಕ್ಸಾ? ಜಿಪ್ ತೆಗಿಯಮ್ಮ!”

ಮಗುವಿನ ತಾಯಿ ಜಿಪ್ ಎಳೆದಳು. ಪುಟ್ಟ ಬಟ್ಟೆ, ನೀರಿನ ಬಾಟಲಿ, ಅಡಿಯಲ್ಲಿ ಟವೆಲ್ ಸುತ್ತಿದ ಫೋಟೊ.

“ಸಿಕ್ಕಿಬಿದ್ಯಲ್ಲ, ಹೀರೋಯಿನ್! ಇವತ್ತೇ ರೂಮು ಖಾಲಿ ಮಾಡಿ.”

“ಆಂಟಿ, ಬೆಳಿಗ್ಗೆ ಪಕ್ಕದವರು ಕಸ ಸುಟ್ರು. ಹೊಗೆ ನೋಡಿ ಮತ್ತೆ ಕಾಡ್ಗಿಚ್ಚೇ ಬಂತು ಅನ್ಕೊಂಡೆ. ಅವತ್ತು ನಮ್ಮಪ್ಪನ ಫೋಟೊ ಬಿಟ್ಟು ಓಡಿದ್ದೆ. ಅದಕ್ಕೇ ಅಂಕಲ್‌ನ ಮೊದ್ಲು ಚೀಲಕ್ಕೆ ಹಾಕ್ದೆ. ನಿಮ್ ಬಿಪಿ ಮಾತ್ರೆ ಸೈಡ್ ಜೇಬಲ್ಲಿದೆ.”

ಒಡತಿ ಫೋಟೊವನ್ನು ಮತ್ತೆ ಟವೆಲ್‌ನಲ್ಲಿ ಸುತ್ತಿದಳು.

“ನನ್ ಕನ್ನಡಕಕ್ಕೂ ಜಾಗ ಇದ್ಯೇನೇ?”