ನಾಗಕನ್ಯೆಯ ಬೀಳ್ಕೊಡುಗೆ

ಪರದೆಯ ತೂತಿಗೆ ಕಣ್ಣಿಟ್ಟ ಶೀಲಾ ಬೆಚ್ಚಿ ಹಿಂದೆ ಸರಿದಳು. ಮೊದಲ ಸಾಲಿನಲ್ಲಿ ಒಬ್ಬನಲ್ಲ, ಇಬ್ಬರು ಕೂತಿದ್ದರು. ಕವನಳ ಅಣ್ಣ ಹುಲಿಯಪ್ಪ ಬರುತ್ತಾನೆಂದು ಗೊತ್ತಿತ್ತು. ಅವನ ಪಕ್ಕದಲ್ಲಿ ಸೋದರಮಾವ ಭೀಮೇಶನೂ ಇದ್ದ. ಬರುವ ಬುಧವಾರ ಕವನಳ ಬೆರಳಿಗೆ ಉಂಗುರ ತೊಡಿಸಬೇಕಾದವನು ಅವನೇ.

"ಇಂಟರ್‌ವಲ್‌ಗೆ ಟೀ ತಗೊಂಡು ಒಳಗೆ ಬರ್ತಾನಂತೆ ಮಾವ," ಕವನ ಹಿಂದಿನಿಂದ ಪಿಸುಗುಟ್ಟಿದಳು. ನಾಗಕನ್ಯೆಯ ಹೆಡೆಕಿರೀಟದ ಕೆಳಗೆ ಅವಳ ಮುಖ ಬಿಳಿಚಿಕೊಂಡಿತ್ತು.

ಶಿವಮೊಗ್ಗದ ನರ್ಸಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿಯರು ಅವರು. ಮೈಸೂರಿನ ಆಸ್ಪತ್ರೆಯೊಂದರಿಂದ ಕವನಳಿಗೆ ಕೆಲಸದ ಆರ್ಡರ್ ಬಂದಿತ್ತು, ಶೀಲಾಳ ವಿಳಾಸಕ್ಕೆ. ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ಶಿವಮೊಗ್ಗದ ರಾಗಿಗುಡ್ಡದ ಮನೆಯಲ್ಲಿ ಕವನಳ ಅಪ್ಪ ಮಂಜಪ್ಪ ಅವಳ ಮೊಬೈಲ್ ಕಿತ್ತುಕೊಂಡು ತಿಂಗಳಾಗಿತ್ತು. "ಮಾತು ಕೊಟ್ಟಾಗಿದೆ" ಎಂಬುದೊಂದೇ ಅವನ ಮಾತು. ಭದ್ರಾವತಿಯ ಈ ನಾಟಕಕ್ಕೂ ಬಿಡುತ್ತಿರಲಿಲ್ಲ. ಹುಲಿಯಪ್ಪನೇ ನಡುವೆ ಬಂದು, "ಇದೊಂದು ಮುಗಿಸ್ಲಿ ಬಿಡಪ್ಪ. ಕರ್ಕೊಂಡು ಹೋಗಿ ನಾನೇ ಕಾವಲು ಕೂತ್ಕೋತೀನಿ" ಎಂದಿದ್ದ.

ಕಾವಲು ಸರಿಯಾಗಿಯೇ ಇತ್ತು. ಬಸ್ಸಿಳಿದು ಬರುವಾಗ ಕವನಳ ಚೀಲವನ್ನೂ ಅವಳ ಕೈಗೆ ಕೊಟ್ಟಿರಲಿಲ್ಲ. ಹೆಗಲಿಂದ ಇಳಿಸುತ್ತಾ ಶೀಲಾಳನ್ನೇ ದಿಟ್ಟಿಸಿ, "ನಾಗಲೋಕದ ಬಟ್ಟೆ ಭಾರೀ ತೂಕ ಕಣಮ್ಮ" ಎಂದಿದ್ದ. ಶೀಲಾ ನಗಲು ಹೋಗಿ ಕೆಮ್ಮಿದ್ದಳು.

ಭಾನುವಾರದ ಮಧ್ಯಾಹ್ನದ ಪ್ರದರ್ಶನ. ಐದು ಗಂಟೆಗೆ ಮೈಸೂರು ರೈಲು. ಬೀಳ್ಕೊಡುಗೆಯ ದೃಶ್ಯ ಮುಗಿಸಿ ಕವನ ಒಳಗೆ ಬಂದರೆ ಹಿಂಬಾಗಿಲಲ್ಲಿ ಆಟೋ ನಿಂತಿರುತ್ತದೆ. ಆಮೇಲೆ ರಂಗದ ಮೇಲೆ ರಾಣಿಯ ವಿಲಾಪ, ಅದಾದ ಮೇಲೆ ಇಂಟರ್‌ವಲ್. ವಿಲಾಪ ಎಷ್ಟು ಎಳೆದರೂ ಐದು ನಿಮಿಷ. ಶೀಲಾಳ ಕೈಯಲ್ಲಿ ಇದ್ದದ್ದು ಅಷ್ಟೇ.

ಪರದೆ ಸರಿಯಿತು.

ನಾಟಕದಲ್ಲಿ ಶೀಲಾ ಹಳೆಯ ಕೋಟೆಯೊಂದರ ರಾಣಿ ಹೊನ್ನಲೆ; ಕವನ ಹೊಳೆಯ ತಳದ ಲೋಕದಿಂದ ಬಂದ ನಾಗಕನ್ಯೆ. ಹನ್ನೆರಡು ವರ್ಷ ಒಟ್ಟಿಗೆ ಬೆಳೆದ ಗೆಳತಿಯರು. ಇಂದು ಸೂರ್ಯ ಮುಳುಗುವುದರೊಳಗೆ ನೀರಿಗಿಳಿಯದಿದ್ದರೆ ನಾಗಕನ್ಯೆ ಕಲ್ಲಾಗುತ್ತಾಳೆ.

"ಹೋಗಬೇಡ ಸಖಿ! ನೀನಿಲ್ಲದ ಕೋಟೆ ನನಗೆ ಸೆರೆಮನೆ," ಎಂದು ಶೀಲಾ ಅಂಗಲಾಚಿದಳು. ಪಾತ್ರ ಬೇಡುತ್ತಿದ್ದದ್ದು ಇರು ಎಂದು. ಅವಳ ಕೈ ಗೆಳತಿಯ ಬೆನ್ನನ್ನು ಬಾಗಿಲ ಕಡೆಗೆ ತಳ್ಳುತ್ತಿತ್ತು.

ಕವನ ಅವಳನ್ನು ಬಿಗಿಯಾಗಿ ತಬ್ಬಿದಳು. "ನನ್ನ ತಾಯಿ ಕೇಳಿದರೆ ಹೇಳು. ನಿನ್ನ ಮಗಳು ಮುಳುಗಲಿಲ್ಲ, ದಡ ಸೇರಿದಳು ಎಂದು."

ಈ ಮಾತು ನಾಟಕದಲ್ಲಿ ಇರಲಿಲ್ಲ. ಇನ್ನೆಂದು ನೋಡುತ್ತೇನೋ ಎಂದುಕೊಂಡಳು ಶೀಲಾ. ಇನ್ನೂರು ಜನರೆದುರು "ಹುಷಾರು ಕಣೆ" ಎನ್ನಲೂ ಆಗದೆ ನಿಂತಳು. ಕವನ ತಿರುಗಿ ನೋಡದೆ ಒಳಗೆ ಹೋದಳು.

ವಿಲಾಪ ಶುರುವಾಯಿತು. ಶೀಲಾ ಒಂದೊಂದು ಮಾತಿಗೂ ನಿಂತು ಬಿಕ್ಕಿದಳು. ಈ ಸಲ ಬಿಕ್ಕಲು ಅಭಿನಯ ಬೇಕಾಗಲಿಲ್ಲ. ಹುಲಿಯಪ್ಪ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಿದ್ದ. ಅಪ್ಪನಿಗೆ ಸುದ್ದಿ ಹೋಗುತ್ತಿದೆಯೇ? ಭೀಮೇಶ ಏಳಲು ಹೊರಟ. ಹುಲಿಯಪ್ಪ ಅವನ ತೋಳು ಹಿಡಿದೆಳೆದು ಕೂರಿಸಿದ. "ಕೂತ್ಕೊ ಮಾರಾಯ, ಈಗಲೇ ಚೆನ್ನಾಗಿರೋದು."

ಕೊನೆಯ ಮಾತೂ ಮುಗಿಯಿತು. ಪರದೆ ಎಳೆಯುವವನು ಹಗ್ಗಕ್ಕೆ ಕೈ ಹಾಕಿದ.

"ಒನ್ಸ್ ಮೋರ್!"

ಹುಲಿಯಪ್ಪ ಎದ್ದು ನಿಂತಿದ್ದ. ಶೀಲಾ ಪರದೆಯ ಹಗ್ಗದ ಕಡೆ ನೋಡಿದಳು. ಒನ್ಸ್ ಮೋರ್ ಎಂದರೆ ಎಲ್ಲಿಂದ? ನಾಗಕನ್ಯೆಯನ್ನು ಎಲ್ಲಿಂದ ತರುವುದು?

"ರಾಣಿ ಅಳೋದು! ಅದೊಂದೇ!" ಅವನು ಕೂಗಿದ. ಜನ ಚಪ್ಪಾಳೆ ತಟ್ಟಿದರು.

ಅವಳು ಮತ್ತೆ ಅತ್ತಳು. ಮುಗಿಯುತ್ತಲೇ ಮತ್ತೆ ಅದೇ ದನಿ, "ಒನ್ಸ್ ಮೋರ್!" ಮೂರನೇ ಸಲವೂ. ಇವನಿಗೆ ಎಲ್ಲ ಗೊತ್ತಾಗಿದೆ ಎನ್ನುವುದು ಶೀಲಾಳಿಗೆ ಈಗ ಖಚಿತವಾಯಿತು. ಬೆಕ್ಕು ಇಲಿಯನ್ನು ಆಡಿಸುವ ಹಾಗೆ ಆಡಿಸುತ್ತಿದ್ದಾನೆ. ಹಿಂಬಾಗಿಲಲ್ಲಿ ಯಾರನ್ನೋ ನಿಲ್ಲಿಸಿರಬೇಕು. ಕವನಳನ್ನು ಆಟೋದಿಂದ ಎಳೆದಿರಬೇಕು. ಓಡಿಹೋಗಿ ನೋಡುವಂತಿಲ್ಲ, ಕಿರುಚುವಂತಿಲ್ಲ. ಕಿರೀಟ ಹೊತ್ತು, ಬರೆದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾ ನಿಂತಿರಬೇಕು.

ಮೂರನೆಯದು ಮುಗಿದಾಗ ಹುಲಿಯಪ್ಪ ಮೊಬೈಲ್ ನೋಡಿ ಜೇಬಿಗಿಟ್ಟುಕೊಂಡ. ಸುಮ್ಮನೆ ಕುಳಿತ. ಪರದೆ ಬಿತ್ತು.

ಎರಡು ನಿಮಿಷದಲ್ಲಿ ಭೀಮೇಶ ಟೀ ಲೋಟ ಹಿಡಿದು ಒಳಗೆ ಬಂದ. ಕುರ್ಚಿಯ ಮೇಲೆ ಹೆಡೆಕಿರೀಟ ಮಾತ್ರ ಇತ್ತು. ಲೋಟ ನೆಲಕ್ಕೆ ಬಿತ್ತು. "ಎಲ್ಲಿ ಅವಳು?" ಎಂದವನೇ ಹಿಂದೆ ಬಂದ ಹುಲಿಯಪ್ಪನ ಕೆನ್ನೆಗೆ ಬಾರಿಸಿದ. "ಕಾವಲು ಕೂತಿದ್ದೀಯಂತೆ, ಕಾವಲು!"

ಹುಲಿಯಪ್ಪ ಕೆನ್ನೆ ಸವರಿಕೊಂಡ. "ಶಿವಮೊಗ್ಗದ ಬಸ್ಸಿಗೇ ಹೋಗಿರ್ತಾಳೆ ಮಾವ. ಬಸ್ ಸ್ಟ್ಯಾಂಡಿಗೆ ಓಡು, ನಾನು ಇಲ್ಲಿ ಹುಡುಕ್ತೀನಿ."

ಭೀಮೇಶ ಓಡಿದ. ಕೋಣೆಯಲ್ಲಿ ಇಬ್ಬರೇ ಉಳಿದರು. ಶೀಲಾ ಗೋಡೆಗೆ ಒರಗಿ ನಿಂತಳು. "ಅಣ್ಣ, ಹೊಡೆಯೋದಾದ್ರೆ ನಂಗೆ ಹೊಡೀರಿ. ಅವಳನ್ನ ಏನು ಮಾಡಿದ್ರಿ?"

ಹುಲಿಯಪ್ಪ ಕಿರೀಟವನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕುಸಿದ. ಅವನ ಕಣ್ಣು ಕೆಂಪಾಗಿತ್ತು.

"ಅಪ್ಪನ ಎದುರು ಬಾಯಿ ಬಿಡೋ ಧೈರ್ಯ ನಂಗೆ ಯಾವತ್ತೂ ಬರಲಿಲ್ಲ ಕಣಮ್ಮ," ಎಂದ. "ರೈಲು ಹನ್ನೆರಡು ನಿಮಿಷ ಲೇಟಿತ್ತು, ಹೊರಡೋವರೆಗೂ ಮೊಬೈಲಲ್ಲಿ ನೋಡ್ತಿದ್ದೆ. ಇಲ್ದಿದ್ರೆ ನಿನ್ನನ್ನ ಅಷ್ಟು ಸಲ ಅಳಿಸ್ತಿರಲಿಲ್ಲ."