ಆರದ ಹೀಟರ್

ಸಮುದ್ರದಲ್ಲಿ ಮುಳುಗೆದ್ದು ಬಂದ ಬೋದಿಲ್, ಒದ್ದೆ ಟವೆಲನ್ನು ಕುತ್ತಿಗೆಯಿಂದ ತೆಗೆಯದೆಯೇ ಮಲಗುವ ಕೋಣೆಯ ಬಾಗಿಲು ನೂಕಿದಳು. ಒಳಗಿನ ಸೆಕೆ ಮುಖಕ್ಕೆ ರಾಚಿತು. ಕಿಟಕಿಯ ಕೆಳಗಿನ, ಬಿಸಿನೀರು ಹರಿಯುವ ಹೀಟರ್ ಇವತ್ತೂ ಕಾದು ಕೂತಿತ್ತು.

“ಪ್ರೇಬೆನ್! ಇದೇನು ಮಲಗೋ ಕೋಣೆಯೋ, ಬೇಕರಿ ಒಲೆಯೋ? ಏಪ್ರಿಲ್ ಬಂತು ಮಾರಾಯ! ಮತ್ತೆ ಯಾಕೆ ಹಾಕ್ದೆ?”

“ನಾನೇ ಹಾಕಿರ್ಬೇಕು,” ಎಂದ ಪ್ರೇಬೆನ್.

ಕೆಲವು ವಾರಗಳಿಂದ ಬೆಳಗಾದರೆ ಇದೇ ಜಗಳ. ಬೋದಿಲ್ ಚಳಿಗಾಲದಲ್ಲೂ ಕಡಲಿಗೆ ಇಳಿಯುವವಳು, ಕಿಟಕಿ ತೆರೆದಿಟ್ಟು ಮಲಗುವವಳು. ಎಸ್ಬ್ಯಾರ್ ಬಂದರಿನಲ್ಲಿ ಆಯುಷ್ಯವಿಡೀ ಕ್ರೇನ್ ನಡೆಸಿದ ಪ್ರೇಬೆನ್‌ಗೆ ಚಳಿಯೆಂದರೆ ಆಗದು. ಅವಳಿಗೆ ಗಂಡ ಇಲ್ಲ, ಅವನಿಗೆ ಹೆಂಡತಿ ಇಲ್ಲ. ಕಳೆದ ಶರತ್ಕಾಲದಲ್ಲಿ ಅವನು ಅವಳ ಮನೆಗೇ ಬಂದು ನೆಲೆಸಿದಾಗ, ಹಿಮಕರಡಿಯೂ ಬೆಕ್ಕೂ ಸಂಸಾರ ಹೂಡಿವೆ ಎಂದು ಗೆಳೆಯರು ನಕ್ಕಿದ್ದರು. ಹೀಟರಿನ ಜಗಳವೂ ಆ ಸಂಸಾರದ ಸರಸವೆಂದೇ ಬೋದಿಲ್ ತಿಳಿದಿದ್ದಳು.

ಆದರೆ ಇವತ್ತು ಮಂಚದ ಮೇಲೆ ಚೀಲ ಬಾಯ್ದೆರೆದಿತ್ತು. ಅವನು ಅಂಗಿಗಳನ್ನು ಮಡಚಿ ಒಂದೊಂದಾಗಿ ಒಳಗಿಡುತ್ತಿದ್ದ.

“ಎಲ್ಲಿಗೆ ಹೊರಟೆ?”

“ನನ್ನ ಫ್ಲಾಟಿಗೆ. ಅದನ್ನಿನ್ನೂ ಬಿಟ್ಟುಕೊಟ್ಟಿಲ್ಲವಲ್ಲ.”

“ಒಂದು ಹೀಟರ್ ವಿಷಯಕ್ಕೆ ಮನೆ ಬಿಟ್ಟು ಹೋಗ್ತೀಯಾ? ಮುದಿ ಕತ್ತೆ! ಚಳಿ ಆಗುತ್ತೆ ಅಂತ ಬಾಯಿ ಬಿಟ್ಟು ಹೇಳಿದ್ರೆ ನಾನೇನು ಬೇಡ ಅಂತಿದ್ನಾ?”

ಪ್ರೇಬೆನ್ ಕೈಲಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿಗೆ ಕೂತ.

“ನಾನು ಅದನ್ನ ಹಾಕಿದ್ದೇ ನನಗೆ ನೆನಪಿಲ್ಲ, ಬೋದಿಲ್. ಮಲಗೋಕೆ ಮುಂಚೆ ಗುಂಡೀನ ಸೊನ್ನೆಗೆ ತಿರುಗಿಸ್ತೀನಿ. ತಿರುಗಿಸಿದ್ದು ಚೆನ್ನಾಗಿ ನೆನಪಿರುತ್ತೆ. ಬೆಳಗ್ಗೆ ನೋಡಿದ್ರೆ ಕಾದಿರುತ್ತೆ. ನೀನಂತೂ ಹಾಕೋವಳಲ್ಲ. ಮತ್ತೆ ಇನ್ಯಾರು? ನಮ್ಮಣ್ಣ ಆಕ್ಸೆಲ್‌ಗೂ ಹೀಗೇ ಶುರುವಾಗಿದ್ದು. ಮೊದಮೊದಲು ಒಲೆ ಆರಿಸೋದು ಮರೀತಿದ್ದ. ಕೊನೆಕೊನೆಗೆ ಅತ್ತಿಗೇನೇ ‘ನೀವು ಯಾರ ಪೈಕಿ’ ಅಂತ ಕೇಳ್ತಿದ್ದ. ಆಕೆ ಪಟ್ಟ ಪಾಡು ನಾನು ನೋಡಿದ್ದೀನಿ. ಅದು ನಿನಗೆ ಬೇಡ.”

‘ಹಾಕಿದ್ದು ನೀನೇ’ ಎಂದು ತಾನು ದಿನಾ ಬೆಳಗ್ಗೆ ಚುಚ್ಚಿದ್ದೂ, ಅವನು ‘ನಾನೇ ಇರಬೇಕು’ ಎಂದು ತಲೆ ತಗ್ಗಿಸಿದ್ದೂ ಬೋದಿಲ್ ಕಣ್ಣ ಮುಂದೆ ಬಂದವು.

“ಗುಂಡಿ ಎಷ್ಟರಲ್ಲಿತ್ತು ಅಂತ ಬೆಳಗ್ಗೆ ಯಾವತ್ತಾದ್ರೂ ನೋಡಿದ್ದೀಯಾ?” ಎಂದು ಕೇಳಿದಳು.

“ಇಲ್ಲ.”

“ಯಾಕೆ?”

“ಹೆದರಿಕೆ.”

ಅವಳೂ ನೋಡಿರಲಿಲ್ಲ. ಬಂದವಳೇ ಪರದೆಯ ಹಿಂದೆ ಕೈ ಹಾಕಿ, ಗುಂಡಿಯನ್ನು ಸಿಟ್ಟಿನಿಂದ ಒಮ್ಮೆ ತಿರುಚಿ, ಬೈದು ಹೋಗುವುದೇ ಅವಳ ಪದ್ಧತಿ. ಈಗ ಹೀಟರಿನ ಮುಂದೆ ಮಂಡಿಯೂರಿದಳು. ಪರದೆಯ ಅಂಚು ಹಿಡಿದ ಕೈ ಅಲ್ಲೇ ನಿಂತಿತು. ಗುಂಡಿಯ ಮೇಲೆ ಮೂರೋ ಐದೋ ಕಂಡರೆ? ಬೋದಿಲ್ ಪರದೆ ಸರಿಸಿದಳು.

“ಸೊನ್ನೆ,” ಎಂದಳು. “ಪ್ರೇಬೆನ್, ಬಾ ಇಲ್ಲಿ. ಸೊನ್ನೆಯಲ್ಲೇ ಇದೆ!”

“ಈಗ ನೀನು ತಿರುಗಿಸಿದೆ.”

“ನನ್ನ ಕೈ ಪರದೆ ಮೇಲಿದೆ, ಕಣ್ಣು ಕಾಣಲ್ವಾ? ಮುಟ್ಟೇ ಇಲ್ಲ ಪುಣ್ಯಾತ್ಮ!”

ಅವನು ಬಂದು ಅವಳ ಪಕ್ಕ ಕೂತ. ಗುಂಡಿಯನ್ನು ತೀರ ಹತ್ತಿರದಿಂದ ನೋಡಿದ. ಹೀಟರನ್ನು ಮುಟ್ಟಿ, ಚುರ್ರೆಂದಾಗ ಕೈ ಹಿಂದೆಳೆದ. ಮತ್ತೆ ಗುಂಡಿ ನೋಡಿದ. ಆಮೇಲೆ ಎದ್ದು ಹೋಗಿ ಇಕ್ಕಳ ತಂದ. ಗುಂಡಿಯ ಬುಡದ ಬಳೆಯನ್ನು ಸಡಿಲಿಸಿ ಇಡೀ ಗುಂಡಿಯನ್ನೇ ಕಳಚಿದ. ಒಳಗೆ ಮೊಳೆಯಷ್ಟು ದಪ್ಪದ ಒಂದು ಕಡ್ಡಿ. ಒತ್ತಿದರೆ ಒಳಗೆ ಹೋಗಿ ಬಿಸಿನೀರಿನ ದಾರಿ ಮುಚ್ಚಬೇಕಾದ್ದು ಅದು. ಇಕ್ಕಳದ ಬೆನ್ನಿನಿಂದ ಬಲವಾಗಿ ಒತ್ತಿದ. ಅದು ಕದಲಲಿಲ್ಲ.

“ಕಚ್ಚಿಕೊಂಡಿದೆ,” ಎಂದ ಪ್ರೇಬೆನ್. ಮತ್ತೊಮ್ಮೆ ಒತ್ತಿದ. “ತೆರೆದ ಹಾಗೇ ಕಚ್ಚಿಕೊಂಡಿದೆ, ಬೋದಿಲ್! ನಾನು ಆರಿಸ್ತಾನೇ ಇದ್ದೆ. ದಿನಾ ಆರಿಸ್ತಾನೇ ಇದ್ದೆ! ಇದಕ್ಕೆ ತಲೆ ಕೆಟ್ಟಿರೋದು, ನನಗಲ್ಲ!”

ಹೇಳುತ್ತಲೇ ಅವನು ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟ. ಮುಖವೆಲ್ಲ ಬೆವರು. ಅದರಲ್ಲಿ ಕಣ್ಣೀರು ಎಷ್ಟೆಂದು ಬೋದಿಲ್ ನೋಡಲು ಹೋಗಲಿಲ್ಲ. ಅಡುಗೆಮನೆಯ ಡ್ರಾಯರಿನಿಂದ ಸಣ್ಣ ಸುತ್ತಿಗೆ ತಂದು ಅವನ ಕೈಗೆ ಕೊಟ್ಟಳು.

“ಮೆಲ್ಲಗೆ ಎರಡು ಕುಟ್ಟಿದ್ರೆ ಬಿಟ್ಕೊಳ್ಳುತ್ತೆ,” ಎಂದ ಅವನು, ಸುತ್ತಿಗೆಯನ್ನು ಪಕ್ಕಕ್ಕಿಡುತ್ತ. “ಆದ್ರೆ ನಾಳೆ ಕುಟ್ಟೋಣ. ಇವತ್ತೊಂದು ದಿನ ಹೀಗೇ ಉರೀಲಿ. ನೋಡೋಕೆ ಖುಷಿ ಆಗ್ತಿದೆ.”

“ನಾಳೆ ಮರೆತುಬಿಟ್ರೆ?”

ಮಾತು ಜಾರಿಬಿಟ್ಟಿತ್ತು. ಬೋದಿಲ್ ನಾಲಿಗೆ ಕಚ್ಚಿಕೊಂಡಳು. ಪ್ರೇಬೆನ್ ಹೊಟ್ಟೆ ಕುಲುಕಿಸಿ ನಗತೊಡಗಿದ.

“ಮರೆತ್ರೆ ಅದು ಬರೀ ಸೋಮಾರಿತನ ಕಣೇ. ಬಾಯ್ತುಂಬ ಬೈಯಿ.”

ಬೋದಿಲ್ ನಾಳೆಯವರೆಗೆ ಕಾಯಲಿಲ್ಲ. ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ, ಆಗಲೇ ಬೈಯಲು ಶುರುಮಾಡಿದಳು.