ಎಡಗೈಯ ನಿಲುವು

"ನೀವು ಕಟ್ಟಿದ್ದರಲ್ಲಿ ಒಂದು ಹೆಜ್ಜೆಯನ್ನೂ ಬದಲಾಯಿಸಲ್ಲ ಮೇಡಂ."

ತೆರಕಣಾಂಬಿಯ ಬಸ್ ಸ್ಟ್ಯಾಂಡಿನಲ್ಲಿ, ಗೆಜ್ಜೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬಿಂದುಶ್ರೀ ತನ್ನ ಗುರು ನೀಲಾವತಿಯ ಕೈಮೇಲೆ ಕೈಯಿಟ್ಟು ಹಾಗೆಂದಿದ್ದಳು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಮೇಡಂ ನಕ್ಕುಬಿಟ್ಟಿದ್ದರು. "ಆಯ್ತು ಬುಡಮ್ಮಿ, ನಾನೇನು ಈಗ್ಲೇ ಓಯ್ತಿದ್ದೀನಾ?"

ಈಗ, 2007ರ ಜನವರಿಯಲ್ಲಿ, ಆ ಮಾತು ಮುರಿಸಲು ಒಬ್ಬಳು ಹಟ ಹಿಡಿದು ನಿಂತಿದ್ದಳು. ಬೇರೆ ಯಾರೂ ಅಲ್ಲ, ಮೇಡಂ ಮಗಳೇ.

"ನಿಲ್ಲಿಸಿ!" ಚಾಮರಾಜನಗರದ ಶಾಲೆಯೊಂದರ ಸಭಾಂಗಣದಲ್ಲಿ ಬಿಂದುಶ್ರೀ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಳು. "ಚೈತ್ರ, ಎಲ್ಲಿ ಕೈ?"

ಚೈತ್ರ ನೆಲ ನೋಡಿದಳು. "ಅದೊಂದು ನನ್ನ ಕೈಲಾಗಲ್ಲ ಅಕ್ಕ."

"ಉಳಿದದ್ದೆಲ್ಲ ಆಗುತ್ತೆ, ಇದಾಗಲ್ವಾ? ನಿಮ್ಮಮ್ಮನ್ನೇ ತಿದ್ದೋಕೆ ಬಂದ್ಯಾ?"

"ತಿದ್ದಲ್ಲ. ಬಿಟ್ಬುಡ್ತೀನಿ, ಅಷ್ಟೇ."

"ಅಲ್ಲಿ ಸಿನಿಮಾ ಸ್ಟೆಪ್ ಆಕ್ತಾಳೇನೋ ಕಣಕ್ಕ," ಎಂದು ಹಿಂದಿನಿಂದ ಒಬ್ಬಳು ಅಂದಳು. ಹುಡುಗಿಯರು ಕಿಸಕ್ಕೆಂದರು. ಚೈತ್ರ ನಗಲಿಲ್ಲ.

'ಅರಿಶಿನದ ಹೊಲ' ನೀಲಾವತಿ ಕಟ್ಟಿದ ಕೊನೆಯ ನೃತ್ಯರೂಪಕ. ಮಗಳ ಮದುವೆಗೆಂದು ತಾಯಿ ಅರಿಶಿನ ಕೀಳುವ ಕಥೆ. ಹೊಲದಲ್ಲಿ ಹೆಂಗಸರು ಬಾಗುತ್ತಾರೆ, ಕೀಳುತ್ತಾರೆ. ಒಂದು ಸಾಲು ಮುಗಿದಾಗಲೆಲ್ಲ ನೆಟ್ಟಗೆ ಏಳುತ್ತಾರೆ. ಎಡಗೈ ಪಕ್ಕೆಯ ಕೆಳಗೆ ಬಂದು ಒತ್ತಿ ನಿಲ್ಲುತ್ತದೆ. ಮುಖ ಬಲಕ್ಕೆ ಹೊರಳುತ್ತದೆ. ತಾಳ ಮುಂದೆ ಹೋದರೂ ಅವರು ಕದಲುವುದಿಲ್ಲ. ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗಿ ಒಂದು ನಗೆ.

ಅಷ್ಟಕ್ಕೇ ಜನ ಅಳುತ್ತಿದ್ದರು. ತಾಯಿ ತನ್ನ ಹೆತ್ತ ಹೊಟ್ಟೆಯನ್ನು ಮುಟ್ಟಿ ನೋಡಿಕೊಳ್ಳುವ ಗಳಿಗೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಬಿಂದುಶ್ರೀ ಹೊಸ ಹುಡುಗಿಯರಿಗೂ ಹಾಗೇ ಹೇಳಿಕೊಟ್ಟಿದ್ದಳು.

ಆ ನಿಲುವು ಹುಟ್ಟಿದಾಗ ಅವಳು ಮೇಡಂ ಪಕ್ಕದಲ್ಲೇ ಇದ್ದಳು. ತಾಲೀಮಿನ ನಡುವೆ ತಟ್ಟನೆ ಬಂದದ್ದು. "ಇದು ಹೊಸದಾ ಮೇಡಂ?" ಎಂದು ಕೇಳಿದ್ದಳು. ಮೇಡಂ ಹಣೆಯ ಬೆವರು ಒರೆಸಿಕೊಂಡು, "ಊಂ ಕಣಮ್ಮಿ. ಇದು ನನಗೊಬ್ಳಿಗೇ ಇರ್ಲಿ, ನಿಮಗೆ ಬ್ಯಾಡ" ಅಂದಿದ್ದರು. ಗುರುವಾದರೇನು, ಸಣ್ಣ ಹೊಟ್ಟೆಕಿಚ್ಚು ಯಾರನ್ನು ಬಿಟ್ಟಿದೆ ಎಂದುಕೊಂಡು ಬಿಂದುಶ್ರೀ ಅದನ್ನು ಕದ್ದು ಕಲಿತಳು. ಅವಳನ್ನು ನೋಡಿ ಇಡೀ ಸಾಲೇ ಕಲಿಯಿತು. ಮೇಡಂ ಏನೋ ಹೇಳಲು ಬಾಯಿ ತೆರೆದವರು ಮತ್ತೆ ತಾಳ ಹಾಕತೊಡಗಿದರು. ಆಮೇಲೆ ಪ್ರತಿ ಪ್ರದರ್ಶನದಲ್ಲೂ ಅವರ ನಿಲುವು ಉದ್ದವಾಗುತ್ತ ಹೋಯಿತು. ಕಲೆ ಮಾಗುತ್ತಿದೆ ಎಂದರು ನೋಡಿದವರು.

ಕಾಮಾಲೆ ಎಂದು ಮೈಸೂರಿಗೆ ಹೋದ ಮೇಡಂ ತಿರುಗಿ ಬರಲಿಲ್ಲ. ಉಳಿದದ್ದು ಮದುವೆ ವಿಡಿಯೋದವನು ತೆಗೆದ ಒಂದು ಕ್ಯಾಸೆಟ್. ಬಿಂದುಶ್ರೀ ಕಚೇರಿ ಕೆಲಸ ಮುಗಿಸಿ ಬಂದು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಳು. ಅನ್ನ ಸೀದದ್ದೂ ಗೊತ್ತಾಗುತ್ತಿರಲಿಲ್ಲ. ಬೆರಳು ಎಷ್ಟು ಬಾಗಿದೆ, ಕತ್ತು ಎಷ್ಟು ಹೊರಳಿದೆ, ಉಸಿರು ಎಲ್ಲಿ ನಿಂತಿದೆ. ಹಣೆಯ ಬೆವರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹುಡುಗಿಯರ ಮೈಗೆ ಇಳಿಸಿದ್ದಳು.

ಈ ಚೈತ್ರಳದೊಂದೇ ತಕರಾರು. ಚಿಕ್ಕವಳಿದ್ದಾಗ ಪ್ರತಿ ಪ್ರದರ್ಶನದಲ್ಲೂ ವೇದಿಕೆಯ ಎಡಗಡೆ, ಪರದೆಯ ಸಂದಿಯಲ್ಲಿ ಕೂತು ನೋಡಿದವಳು. ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ತಂಡವನ್ನು ಮಗಳಿಗೆ ಬಿಡದೆ ಶಿಷ್ಯೆಗೆ ಬಿಟ್ಟರಲ್ಲ, ಆ ಉರಿ ಇರಬೇಕು.

ಗುಂಡ್ಲುಪೇಟೆಯಲ್ಲಿ ಪ್ರದರ್ಶನ. ಏರ್ಪಾಡು ಮಾಡಿದ್ದ ಶಿವರುದ್ರಸ್ವಾಮಿ ಬಾಗಿಲಲ್ಲೇ ಎದುರಾದರು. "ಆ ಕೈ ಇಕ್ಕೋದು ಐತಲ್ಲವ್ವ, ಅದ ನೋಡಕ್ಕೇ ಜನ ಬಂದವ್ರೆ. ಅದ್ನ ಮಾತ್ರ ಕೆಡಿಸ್ಬುಟ್ಟೀರಿ ಮತ್ತೆ!"

ಬಿಂದುಶ್ರೀ ನೇರ ಬಣ್ಣದ ಕೋಣೆಗೆ ಹೋದಳು. "ಕೊನೇ ಸಲ ಕೇಳ್ತೀನಿ. ಕೈ ಇಡ್ತೀಯಾ, ಇಲ್ವಾ?"

"ಇಲ್ಲ ಅಕ್ಕ."

"ಸರಿ. ಗೆಜ್ಜೆ ಬಿಚ್ಚು."

ಚೈತ್ರ ಕೂತು ಬಿಚ್ಚಿದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಪರದೆ ಎದ್ದಿತು. ಎಡಗಡೆಯ ಸಂದಿಯಲ್ಲಿ ಬಿಂದುಶ್ರೀ ನಿಂತಳು. ಪಕ್ಕದಲ್ಲಿ ಬರಿಗಾಲಲ್ಲಿ ಚೈತ್ರ.

ಮೊದಲ ಸಾಲು ಮುಗಿಯಿತು. ಹುಡುಗಿಯರು ಎದ್ದರು. ಎಡಗೈ ಪಕ್ಕೆಯ ಕೆಳಗೆ, ಮುಖ ಬಲಕ್ಕೆ. ಸಭೆ ಉಸಿರು ಬಿಗಿಹಿಡಿಯಿತು. ಎಲ್ಲೋ ಒಬ್ಬ ಹೆಂಗಸು ಬಿಕ್ಕಿದಳು. ಬಿಂದುಶ್ರೀಯ ಕಣ್ಣೂ ತುಂಬಿ ಬಂತು. ಸಿಟ್ಟು ಮರೆತು ಹುಡುಗಿಯ ಭುಜ ಹಿಡಿದಳು.

"ನೋಡೇ. ಮೇಡಂ ಎಲ್ಲಿಗೆ ಹೋಗವ್ರೆ? ಅಲ್ಲೇ ನಿಂತವ್ರಲ್ಲ."

"ಅದು ನಾಟ್ಯ ಅಲ್ಲ ಅಕ್ಕ." ಚೈತ್ರಳ ದನಿ ಹಾಡಿನ ಕೆಳಗೆ ಸಣ್ಣಗೆ ಕೇಳಿತು. "ಅವ್ವಂಗೆ ಅಲ್ಲಿ ಗೆಡ್ಡೆ ಇತ್ತು. ನೋವು ಬಂದಾಗ ಮನೇಲೂ ಹಂಗೇ, ಒಲೆ ಮುಂದೆ ಕೈ ಒತ್ಕೊಂಡು ನಿಂತ್ಬುಡೋಳು."

ಬಿಂದುಶ್ರೀಯ ಕೈ ಭುಜದಿಂದ ಜಾರಿತು. "ಯಾಕೆ ಹೇಳ್ಲಿಲ್ಲ?"

"ಪ್ರೋಗ್ರಾಂ ನಿಂತೋಯ್ತದೆ, ಯಾರ್ಗೂ ಹೇಳ್ಬ್ಯಾಡ ಅಂದಿದ್ಲು. ಆಮೇಲೆ ನೀವು ಅದನ್ನೇ ಅಷ್ಟು ಪ್ರೀತಿಯಿಂದ ಕಲಿಸ್ತಿದ್ರಿ."

"ಮುಖ... ಬಲಕ್ಕೆ ತಿರುಗಿಸ್ತಿದ್ದದ್ದು?"

"ಈ ಕಡೆ ನಾನು ಕೂತಿರ್ತಿದ್ನಲ್ಲ ಅಕ್ಕ."

ಎರಡನೆಯ ಸಾಲು ಮುಗಿಯಿತು. ಹುಡುಗಿಯರು ಪಕ್ಕೆ ಒತ್ತಿಕೊಂಡು, ಅತ್ತ ಮುಖ ಮಾಡಿ, ನಿಲ್ಲಬೇಕಾದಷ್ಟು ಹೊತ್ತು ನಿಂತರು. ಆಮೇಲೆ, ಕಲಿಸಿದ ಹಾಗೇ, ನಿಧಾನವಾಗಿ ಚೈತ್ರಳ ಕಡೆ ತಿರುಗಿ ಎಲ್ಲರೂ ಒಟ್ಟಿಗೆ ನಕ್ಕರು.

ಒಂದು ಹೆಜ್ಜೆಯೂ ಬದಲಾಗಿರಲಿಲ್ಲ. ಬಿಂದುಶ್ರೀ ಮಾತು ಉಳಿಸಿಕೊಂಡಿದ್ದಳು.